ಊರಿಗೆ ಹೋಗುವಾಗ ಗಿನಿಪಿಗ್‌ಗಳನ್ನು ಯಾರಿಗೆ ಒಪ್ಪಿಸುವುದು?

ಮದುವೆಯ ಪತ್ರಿಕೆ ಕೈಗೆ ಬಂದ ದಿನದಿಂದಲೇ ಗಿನಿಪಿಗ್ ಸಾಕಿದ ಮನೆಯಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ನಾಯಿಯಾಗಿದ್ದರೆ ಓಣಿಯಲ್ಲಿ ಯಾರಾದರೂ ನೋಡಿಕೊಳ್ಳುತ್ತಿದ್ದರು; ಬೆಕ್ಕಾಗಿದ್ದರೆ ತನ್ನ ಪಾಡು ತಾನೇ ನೋಡಿಕೊಳ್ಳುತ್ತಿತ್ತು. ಗಿನಿಪಿಗ್‌ಗೆ ಈ ಎರಡೂ ಅನುಕೂಲಗಳಿಲ್ಲ. ಪಕ್ಕದ ಮನೆಯವರಿಗೆ ಕೀಲಿಕೈ ಕೊಡುವುದೋ, ಅಕ್ಕನ ಮನೆಗೆ ಸಾಗಿಸುವುದೋ, ದುಡ್ಡು ಕೊಟ್ಟು ಎಲ್ಲಾದರೂ ಬಿಡುವುದೋ, ಬುಟ್ಟಿಯಲ್ಲಿ ಹಾಕಿಕೊಂಡು ಜೊತೆಗೇ ಒಯ್ಯುವುದೋ ಎಂಬ ಪ್ರಶ್ನೆಯನ್ನು ಬೆಳಗಾವಿಯವರೂ ಕೇಳುತ್ತಾರೆ, ಬಾಗಲಕೋಟೆ, ವಿಜಯಪುರದವರೂ ಕೇಳುತ್ತಾರೆ. ಉತ್ತರ ಮಾತ್ರ ಊರಿನಿಂದ ಊರಿಗೆ ಬೇರೆ, ಏಪ್ರಿಲ್‌ಗೂ ಡಿಸೆಂಬರ್‌ಗೂ ಬೇರೆ.

ಮೊದಲು ಅಳತೆಗೋಲು

ಗಿನಿಪಿಗ್‌ನ ಕರುಳು ಸದಾ ಕೆಲಸ ಮಾಡುತ್ತಿರಬೇಕು. ಅದು ತಿನ್ನುವುದರಲ್ಲಿ ಶೇಕಡಾ 80ರಷ್ಟು ಒಣಹುಲ್ಲೇ ಇರಬೇಕು. ಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಅಗಿದೇ ಅವು ಸವೆಯಬೇಕು. ಅರ್ಧ ದಿನ ಏನೂ ತಿನ್ನದಿದ್ದರೆ ಕರುಳು ಮಂದವಾಗಿ ಹೊಟ್ಟೆಯಲ್ಲಿ ವಾಯು ತುಂಬತೊಡಗುತ್ತದೆ. ಒಂದು ಹಗಲು, ಒಂದು ರಾತ್ರಿ ಹಾಗೆಯೇ ಕಳೆದರೆ ಪ್ರಾಣಕ್ಕೇ ಸಂಚಕಾರ. ಇದರ ಮೇಲೆ, ಬೇಟೆಗೆ ಬಲಿಯಾಗುತ್ತ ಬಂದ ಜಾತಿಯಾದ್ದರಿಂದ ಕಾಯಿಲೆಯನ್ನು ಕೊನೆಯವರೆಗೂ ಹೊರಗೆ ತೋರಗೊಡುವುದಿಲ್ಲ. ಹೀಗಾಗಿ ನೋಡಿಕೊಳ್ಳುವವರನ್ನು ಆರಿಸುವಾಗ ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಇಷ್ಟು: ದಿನಕ್ಕೆ ಎರಡು ಸಲ ಗೂಡಿನ ಮುಂದೆ ಕುಳಿತು, ತಿಂದಿದೆಯೇ, ಹಿಕ್ಕೆ ಹಾಕಿದೆಯೇ ಎಂದು ನೋಡುವವರು ಯಾರು? ಹುಲ್ಲು ತುರುಕಿ ಹೋಗುವುದು ಯಾರಿಂದಲೂ ಆಗುತ್ತದೆ.

ಎರಡನೆಯದು ಬಿಸಿಲು. 18ರಿಂದ 24 ಡಿಗ್ರಿ ಸೆಲ್ಸಿಯಸ್ ಈ ಪ್ರಾಣಿಗೆ ಹಿತ. 28 ದಾಟಿದರೆ ಅಪಾಯದ ಗಡಿ; ಬೆವರಿ ಮೈ ತಂಪು ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವ ವಿಜಯಪುರ, ಬಾಗಲಕೋಟೆಗಳಲ್ಲಿ ಉಳಿದೆಲ್ಲ ಮಾನದಂಡಗಳನ್ನು ಈ ಒಂದೇ ಮಾನದಂಡ ಬದಿಗೆ ಸರಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮಗ್ಗುಲಲ್ಲಿರುವ ಬೆಳಗಾವಿಗೆ ತುಸು ರಿಯಾಯಿತಿ ಇದೆ. ಅಲ್ಲಿಯ ತೊಂದರೆ ಮಳೆಗಾಲದ್ದು: ಹುಲ್ಲು ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಹುಲ್ಲು ಹೊಟ್ಟೆಗೂ ಶ್ವಾಸಕ್ಕೂ ಕೆಟ್ಟದ್ದು.

ವಿಟಮಿನ್ ಸಿ ವಿಷಯಕ್ಕೆ ಜನ ಹೆಚ್ಚು ಗಾಬರಿಯಾಗುತ್ತಾರೆ. ಮನುಷ್ಯರಂತೆ ಗಿನಿಪಿಗ್ ಕೂಡ ಅದನ್ನು ತನ್ನ ಮೈಯಲ್ಲಿ ತಯಾರಿಸಿಕೊಳ್ಳಲಾರದು, ನಿಜ. ಒಂದು ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಆದರೆ ಕೊರತೆಯ ಲಕ್ಷಣ ಕಾಣಿಸಿಕೊಳ್ಳಲು ಎರಡು–ಮೂರು ವಾರ ಹಿಡಿಯುತ್ತದೆ. ಮೂರು ದಿನದ ಮದುವೆಗೆ ಹೊರಟವರು ಇದಕ್ಕಾಗಿ ನಿದ್ದೆಗೆಡಬೇಕಿಲ್ಲ, ಹದಿನೈದು ದಿನದ ಯಾತ್ರೆಗೆ ಹೊರಟವರು ಯೋಚಿಸಲೇಬೇಕು. ದಿನಕ್ಕೊಂದು ತುಂಡು ದೊಣ್ಣ ಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸಾಕು. ನೀರಿನಲ್ಲಿ ಬೆರೆಸುವ ಹನಿಮದ್ದು ಬೆಳಕಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ರುಚಿ ಬದಲಾಯಿತೆಂದು ಪ್ರಾಣಿ ನೀರು ಕುಡಿಯುವುದನ್ನೇ ಬಿಡುವುದೂ ಉಂಟು.

ಉಳಿದದ್ದು ಸುತ್ತಮುತ್ತಲಿನ ಪ್ರಾಣಿಗಳು, ಗದ್ದಲ, ಮತ್ತು ಆಪತ್ತಿನಲ್ಲಿ ವೈದ್ಯರ ಬಳಿಗೆ ಒಯ್ಯಲು ವಾಹನ. ಖರ್ಚಿನ ಮಾತು ಇವೆಲ್ಲ ಆದ ಮೇಲೆ.

ಹುಲ್ಲು, ನೀರು ಇಟ್ಟು ಬಾಗಿಲು ಹಾಕಿಕೊಂಡು ಹೋಗುವುದು

ಒಂದು ರಾತ್ರಿಯ ಮಟ್ಟಿಗೆ, ಅದೂ ಚಳಿಗಾಲದಲ್ಲಿ, ಎರಡು ನೀರಿನ ಬಾಟಲಿ ಮತ್ತು ಗೂಡಿನ ತುಂಬ ಹುಲ್ಲು ಇದ್ದರೆ ನಡೆದೀತು. ಅದಕ್ಕಿಂತ ಹೆಚ್ಚಿಗೆ ಇಲ್ಲ. ಎರಡನೆಯ ಬಾಟಲಿ ಏಕೆಂದರೆ, ನಳಿಕೆಯ ತುದಿಯ ಗುಂಡು ಸಿಕ್ಕಿಕೊಂಡರೆ ಬಾಟಲಿ ತುಂಬಿದ್ದರೂ ಪ್ರಾಣಿಗೆ ನೀರಿಲ್ಲ. ಮೊಬೈಲಿನಲ್ಲಿ ನೋಡುವ ಕ್ಯಾಮೆರಾ ಹಾಕಿದ್ದೇವೆ ಎನ್ನುವವರಿದ್ದಾರೆ. ಒಳ್ಳೆಯದೇ. ಆದರೆ ಕರೆಂಟ್ ಹೋದರೆ ವೈಫೈ ಹೋಗುತ್ತದೆ, ವೈಫೈ ಇದ್ದರೂ ಕ್ಯಾಮೆರಾ ಬಾಟಲಿ ಬದಲಿಸುವುದಿಲ್ಲ.

ನಿಮ್ಮ ಮನೆಗೆ ಬಂದು ನೋಡಿಹೋಗುವವರು

ಪಕ್ಕದ ಮನೆಯ ಕಾಕು, ಕೆಳಗಿನ ಮನೆಯ ಹುಡುಗಿ, ಅಥವಾ ಹಣ ಪಡೆದು ಬರುವ ಕಾಲೇಜು ವಿದ್ಯಾರ್ಥಿ. ಗಿನಿಪಿಗ್‌ಗೆ ತನ್ನ ಗೂಡು, ತನ್ನ ವಾಸನೆ, ತನ್ನ ಜೊತೆಗಾರ ಬದಲಾಗುವುದಿಲ್ಲ ಎಂಬುದು ಈ ವ್ಯವಸ್ಥೆಯ ದೊಡ್ಡ ಗುಣ. ಖರ್ಚೂ ಕಡಿಮೆ. ಬೆಳಗಾವಿಯ ಟಿಳಕವಾಡಿಯಲ್ಲೋ ಶಹಾಪುರದಲ್ಲೋ ಇದ್ದು, ಜೂನ್‌ನಿಂದ ಫೆಬ್ರವರಿಯೊಳಗೆ ನಾಲ್ಕೈದು ದಿನಕ್ಕೆ ಹೋಗುವವರಿಗೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ.

ಕಷ್ಟ ಬರುವುದು ಎರಡು ಕಡೆಯಿಂದ. ಒಂದು, ನಮ್ಮ ಭಾಗದ ಅತಿಥಿ ಸತ್ಕಾರ. “ಪಾಪ, ಬರೀ ಹುಲ್ಲು ತಿಂದು ಎಷ್ಟು ದಿನ ಇರಬೇಕು?” ಎಂದು ಕಾಕು ಮರುಗಿ ರೊಟ್ಟಿಯ ಚೂರು, ಶೇಂಗಾ, ಅಜ್ಜಿಯಾಗಿದ್ದರೆ ಒಂದು ಬಟ್ಟಲು ಹಾಲನ್ನೂ ಇಡುತ್ತಾರೆ. ಇವು ಯಾವುವೂ ಅದಕ್ಕೆ ಆಗದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯೂ ಆಗದು. ಬೇಡ ಎಂದು ಹೇಳಿದರೆ ಸಾಲದು. ಕೊಡಬಹುದಾದ ಒಂದು ತಿನಿಸನ್ನು ನೀವೇ ತೆಗೆದಿಟ್ಟು ಹೋಗಬೇಕು. ದಿನಕ್ಕೆ ಎರಡು ತೆಳುವಾದ ಗಜ್ಜರಿ ಹೋಳು ಎಂದು ಡಬ್ಬಿಯಲ್ಲಿ ಇಟ್ಟರೆ ಕಾಕುವಿನ ಮನಸ್ಸಿಗೂ ಸಮಾಧಾನ, ಗಿನಿಪಿಗ್‌ಗೂ ಕೇಡಿಲ್ಲ.

ಇನ್ನೊಂದು, ಬೀಗ ಹಾಕಿದ ಮನೆ. ನೀವಿದ್ದಾಗ ಕಿಟಕಿ ತೆರೆದಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ. ನೀವು ಹೋದ ಮೇಲೆ ಅದೇ ಕೋಣೆ ಒಲೆಯಾಗುತ್ತದೆ. ನೋಡಿಕೊಳ್ಳುವವರು ಬೆಳಿಗ್ಗೆ ಎಂಟಕ್ಕೆ ಬರುತ್ತಾರೆ, ಸಂಜೆ ಆರಕ್ಕೆ ಬರುತ್ತಾರೆ. ಕಾವು ನೆತ್ತಿಗೇರುವುದು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ. ವಿಜಯಪುರದ ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿ ಗೂಡು ಇರುವವರಿಗೆ, ಬಾಗಲಕೋಟೆಯ ಪತ್ರಾಸಿನ ಮನೆಯವರಿಗೆ ಮಾರ್ಚ್‌ನಿಂದ ಮೇವರೆಗೆ ಈ ಆಯ್ಕೆ ಇಲ್ಲವೆಂದೇ ತಿಳಿಯಿರಿ. ಒಣಹವೆಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಸರಿ, ಆದರೆ ಹೆಸ್ಕಾಂ ಮಧ್ಯಾಹ್ನ ಕರೆಂಟ್ ತೆಗೆದರೆ ಅದನ್ನು ನೋಡುವವರು ಯಾರೂ ಇರುವುದಿಲ್ಲ. ಟವೆಲ್ ಸುತ್ತಿದ ಮಂಜುಗಡ್ಡೆಯ ಬಾಟಲಿ ಕೆಲವೇ ಗಂಟೆಗಳಲ್ಲಿ ಕರಗಿ ಮುಗಿಯುತ್ತದೆ.

ವಿದ್ಯಾರ್ಥಿಗಳ ವಿಚಾರ. ಬೆಳಗಾವಿಯಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಓದುವವರಿಗೆ ಬರವಿಲ್ಲ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ ಹುಡುಗರು ಸಿಕ್ಕರೆ ಯಾವ ಸೊಪ್ಪು, ಯಾವ ಕಳೆ ಎಂಬ ಪಾಠ ಉಳಿಯುತ್ತದೆ. ಆದರೆ ನೀವು ದೀಪಾವಳಿಗೆ ಹೊರಟಾಗ ಅವರೂ ಊರಿಗೆ ಹೊರಟಿರುತ್ತಾರೆ. ಹಬ್ಬದ ಪ್ರಯಾಣಕ್ಕೆ ಸ್ಥಳೀಯರನ್ನೇ ನೋಡಿ. ಹಣದ ಮಾತಿಗೆ ಬಂದರೆ, ದಿನಕ್ಕೆ ಎರಡು ಹೊತ್ತಿನ ಖಾನಾವಳಿ ಊಟದ ದರಕ್ಕಿಂತ ಕಡಿಮೆ ಕೊಟ್ಟು ದಿನಕ್ಕೆ ಎರಡು ಸಲ ಬಾ ಎನ್ನುವುದು ನ್ಯಾಯವಲ್ಲ. ಹಾಗೆ ಕರೆದರೆ ಒಂದೇ ಸಲ ಬರುತ್ತಾನೆ, ಎರಡು ಸಲ ಬಂದೆ ಎನ್ನುತ್ತಾನೆ.

ನಿಮ್ಮ ಮನೆಯಲ್ಲೇ ಉಳಿಯುವವರು

ಮೇಲಿನದರ ಗುಣಗಳೆಲ್ಲ ಇದ್ದು, ಬೀಗ ಹಾಕಿದ ಮನೆಯ ದೋಷ ಇಲ್ಲದ ವ್ಯವಸ್ಥೆ ಇದು. ತಮ್ಮನೋ, ಸೋದರಳಿಯನೋ, ಪರೀಕ್ಷೆಗೆ ಓದಲು ಶಾಂತವಾದ ಜಾಗ ಹುಡುಕುತ್ತಿರುವ ನೆಂಟರ ಮಗಳೋ ಬಂದು ಇದ್ದರೆ ಇದಕ್ಕಿಂತ ಉತ್ತಮವಾದದ್ದು ಇಲ್ಲ. ಹೊರಗಿನವರನ್ನು ಹಣ ಕೊಟ್ಟು ಇರಿಸುವುದು ಎಲ್ಲಕ್ಕಿಂತ ದುಬಾರಿ, ಮನೆಯನ್ನೇ ಒಪ್ಪಿಸುವ ನಂಬಿಕೆಯ ಪ್ರಶ್ನೆ ಬೇರೆ. ನಾಲ್ಕೈದು ಗಿನಿಪಿಗ್ ಸಾಕಿ, ದೊಡ್ಡ ಗೂಡು ಕಟ್ಟಿಸಿ, ಎಲ್ಲಿಗೂ ಸಾಗಿಸಲಾಗದವರಿಗೆ ಆ ಖರ್ಚು ಸಮಂಜಸ. ಒಂದು ಜೋಡಿಗಾಗಿ ಅಲ್ಲ.

ನೆಂಟರ ಮನೆಗೆ ಸಾಗಿಸುವುದು

ಬೇಸಿಗೆಯ ಮಟ್ಟಿಗೆ ವಿಜಯಪುರ, ಬಾಗಲಕೋಟೆಯವರಿಗೆ ನನ್ನ ಮೊದಲ ಸಲಹೆ ಇದೇ. ಹಗಲಿಡೀ ಮನೆಯಲ್ಲಿ ಯಾರಾದರೂ ಇರುವ, ನೆಲಮಹಡಿಯ, ಶಹಾಬಾದ್ ಫರಸಿ ಹಾಸಿದ ಮನೆ ಸಿಕ್ಕರೆ ಬೇಸಿಗೆಯ ಅರ್ಧ ಚಿಂತೆ ಮುಗಿಯಿತು. ಹಳ್ಳಿಯ ಮಣ್ಣಿನ ಮಾಳಿಗೆ ಮನೆ ಇನ್ನೂ ತಂಪು. ದಪ್ಪ ಗೋಡೆ, ಮೇಲೆ ಮಣ್ಣಿನ ಮುಚ್ಚಿಗೆ, ಹೊರಗೆ ಬೆಂಕಿ ಸುರಿದರೂ ಒಳಗೆ ಬೇರೆಯೇ ಹವೆ.

ಆದರೆ ಆ ಮಾಳಿಗೆ ಮನೆಯಲ್ಲಿ ಬೆಕ್ಕಿದೆ, ಹೆಗ್ಗಣವಿದೆ, ಬಾಗಿಲು ಸದಾ ತೆರೆದಿರುತ್ತದೆ. ಮೇಲ್ಭಾಗ ತೆರೆದ ಗೂಡು ಅಲ್ಲಿಗೆ ನಡೆಯದು. ಕಬ್ಬಿಣದ ಜಾಳಿಗೆಯ ಮುಚ್ಚಳ, ಚಿಲಕ ಎರಡೂ ಬೇಕು. ಇದಕ್ಕಿಂತ ಹೆಚ್ಚಿನ ಭಯ ಮೇವಿನದು. ದನಕ್ಕೆ ಹಾಕುವುದು ಇದಕ್ಕೂ ನಡೆಯುತ್ತದೆ ಎಂದು ಎಳೆಯ ಹಸಿ ಜೋಳದ ದಂಟನ್ನು ಕೊಯ್ದು ತಂದು ಹಾಕುವವರಿದ್ದಾರೆ. ಎಳೆಯ ಜೋಳದಲ್ಲಿ, ನೀರಿಲ್ಲದೆ ಬಾಡಿದ ಜೋಳದಲ್ಲಿ, ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆಯಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ಎಳೆ ಜೋಳ ಮೇಯ್ದು ದನ ಸಾಯುತ್ತದೆ ಎಂಬುದನ್ನು ರೈತರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಕಿಲೋ ತೂಗದ ಪ್ರಾಣಿಗೂ ಅದೇ ಮಾತು ಅನ್ವಯಿಸುತ್ತದೆ ಎಂದು ನೆನಪಿಸಿದರೆ ಸಾಕು. ಔಷಧಿ ಸಿಂಪಡಿಸದ ಜಾಗದ ಗರಿಕೆ ಒಳ್ಳೆಯದು. ಕುದುರೆ ಮೆಂತೆಯಲ್ಲಿ ಸುಣ್ಣದ ಅಂಶ ಹೆಚ್ಚು. ಬೆಳೆದ ಪ್ರಾಣಿಗೆ ಅದನ್ನೇ ದಿನವೂ ಹಾಕಿದರೆ ಮೂತ್ರಕೋಶದಲ್ಲಿ ಹರಳು ಕಟ್ಟುವ ಸಂಭವವಿದೆ.

ಪೇಟೆಯ ನೆಂಟರ ಮನೆಗಾದರೂ ಹುಲ್ಲು, ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣ ಆಹಾರ) ನಿಮ್ಮದೇ ಹೋಗಬೇಕು. ಮೇವನ್ನು ಒಮ್ಮೆಲೇ ಬದಲಿಸಿದರೆ ಭೇದಿ ಹಿಡಿಯುತ್ತದೆ. ಅವರ ಮನೆಯಲ್ಲಿ ಮಕ್ಕಳಿದ್ದರೆ, ಎತ್ತಿಕೊಳ್ಳುವಾಗ ನೆಲದ ಮೇಲೆ ಕುಳಿತೇ ಎತ್ತಿಕೊಳ್ಳಬೇಕು ಎಂಬ ಒಂದು ನಿಯಮ ಹಾಕಿ. ಕೈಜಾರಿ ಬಿದ್ದ ಗಿನಿಪಿಗ್‌ನ ಕಾಲು, ಬೆನ್ನು ಸುಲಭವಾಗಿ ಮುರಿಯುತ್ತವೆ.

ಹಬ್ಬದ ಗದ್ದಲಕ್ಕೂ ಈ ಆಯ್ಕೆಯೇ ಮದ್ದು. ಮೂರೂ ಊರುಗಳಿಗೆ ಒಂದೊಂದು ಗದ್ದಲದ ಕಾಲವಿದೆ: ಬೆಳಗಾವಿಗೆ ರಾತ್ರಿಯಿಡೀ ನಡೆಯುವ ಗಣೇಶ ವಿಸರ್ಜನೆಯ ಮೆರವಣಿಗೆ, ವಿಜಯಪುರಕ್ಕೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿ, ಬಾಗಲಕೋಟೆಗೆ ಹಲಗೆಯ ಸದ್ದು ನಿಲ್ಲದ ಹೋಳಿಯ ದಿನಗಳು. ಮೆರವಣಿಗೆಯ ದಾರಿಯಲ್ಲೇ ಮನೆ ಇದ್ದವರು, ಊರಲ್ಲೇ ಇದ್ದರೂ ಎರಡು ದಿನ ಗಿನಿಪಿಗ್‌ಗಳನ್ನು ಬೇರೆ ಬಡಾವಣೆಗೆ ಕಳಿಸಿದರೆ ತಪ್ಪಿಲ್ಲ. ಹೆದರಿದ ಪ್ರಾಣಿ ಮೊದಲು ಬಿಡುವುದು ಊಟವನ್ನೇ.

ದುಡ್ಡು ಕೊಟ್ಟು ಬಿಡುವ ಜಾಗಗಳು

ನಮ್ಮ ಊರುಗಳಲ್ಲಿ ಹೀಗೆ ಪ್ರಾಣಿ ಇಟ್ಟುಕೊಳ್ಳುವವರು ಬಹುಪಾಲು ನಾಯಿಗಳಿಗಾಗಿ ಇರುವವರು. ಜಾಗ ಸ್ವಚ್ಛವಾಗಿರಬಹುದು, ಮಾಲೀಕರು ಒಳ್ಳೆಯವರಿರಬಹುದು. ಆದರೂ ನಾಯಿ ಮತ್ತು ಮೊಲಗಳ ಮೂಗು, ಗಂಟಲಲ್ಲಿ ಅವುಗಳಿಗೇನೂ ತೊಂದರೆ ಕೊಡದೆ ಕುಳಿತಿರುವ ಬೋರ್ಡೆಟೆಲ್ಲಾ ಎಂಬ ರೋಗಾಣು ಗಿನಿಪಿಗ್‌ಗೆ ತಗುಲಿದರೆ ನ್ಯುಮೋನಿಯಾ ತರುತ್ತದೆ. ಬೊಗಳುವ ನಾಯಿಗಳ ನಡುವೆ ಹಗಲಿಡೀ ಮೂಲೆಯಲ್ಲಿ ಮುದುಡಿ ಕೂರುವುದು ಬೇರೆ. ಸಾಕುಪ್ರಾಣಿ ಮಾರುವ ಅಂಗಡಿಯವರು ಕೆಲವರು ಹಣ ಪಡೆದು ಇಟ್ಟುಕೊಳ್ಳುತ್ತಾರೆ. ಅಲ್ಲಿ ಪ್ರತಿವಾರ ಹೊಸ ಪ್ರಾಣಿ ಬರುತ್ತದೆ, ಅದರ ಜೊತೆ ಹೇನು, ಹುಳುಕಡ್ಡಿಯೂ ಬರಬಹುದು.

ಹಾಗೆಂದು ಪೂರ್ತಿ ತಳ್ಳಿಹಾಕುವುದಿಲ್ಲ. ಔಷಧಿ ನಡೆಯುತ್ತಿರುವ, ಹಲ್ಲಿನ ತೊಂದರೆ ಇರುವ ಪ್ರಾಣಿಯನ್ನು ಖಾಸಗಿ ಪಶುವೈದ್ಯರ ಕ್ಲಿನಿಕ್‌ನಲ್ಲಿ ಇರಿಸಲು ಸಾಧ್ಯವಾದರೆ ದುಬಾರಿಯಾದರೂ ಅದೇ ಸರಿ. ಬಿಡುವ ಮೊದಲು ಹೋಗಿ ಕೇಳಬೇಕಾದದ್ದು ಮೂರು: ನಾಯಿಗಳಿಂದ ಬೇರೆ ಕೋಣೆ ಇದೆಯೇ, ಮಧ್ಯಾಹ್ನ ಆ ಕೋಣೆ ಎಷ್ಟು ಬಿಸಿಯಾಗುತ್ತದೆ, ರಾತ್ರಿ ಅಲ್ಲಿ ಯಾರಿರುತ್ತಾರೆ. ಮಧ್ಯಾಹ್ನ ಮೂರು ಗಂಟೆಗೇ ಹೋಗಿ. ಬೆಳಿಗ್ಗೆ ಎಲ್ಲ ಕೋಣೆಯೂ ತಂಪೇ.

ಗಿನಿಪಿಗ್ ಸಾಕುವ ಇನ್ನೊಬ್ಬರಿಗೆ

ಹುಲ್ಲು ಎಷ್ಟು, ಹಿಕ್ಕೆ ಹೇಗೆ ಎಂದು ಹೇಳಿಕೊಡಬೇಕಿಲ್ಲ. ಈ ಸಲ ನೀವು, ಮುಂದಿನ ಸಲ ನಾವು ಎಂದುಕೊಂಡರೆ ಖರ್ಚೂ ಇಲ್ಲ. ಅಪಾಯ ಒಂದೇ, ಆದರೆ ದೊಡ್ಡದು: ಗಂಡು, ಹೆಣ್ಣು ಒಂದು ಗೂಡಿಗೆ ಬೀಳುವುದು. ಅಂಗಡಿಯವರು ‘ಎರಡೂ ಹೆಣ್ಣು’ ಎಂದು ಕೊಟ್ಟ ಜೋಡಿಯನ್ನು ನಂಬಬೇಡಿ. ಗರ್ಭದ ಅವಧಿ 59ರಿಂದ 72 ದಿನ, ಹೆತ್ತ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಗರ್ಭ ಧರಿಸಬಲ್ಲದು. ಆರೇಳು ತಿಂಗಳು ದಾಟಿದ ಹೆಣ್ಣಿಗೆ ಅದು ಮೊದಲ ಗರ್ಭವಾದರೆ ಸೊಂಟದ ಮೂಳೆ ಸಡಿಲವಾಗದೆ ಹೆರಿಗೆಯಲ್ಲಿ ಪ್ರಾಣ ಹೋಗುವ ಸಂಭವವೂ ಇದೆ. ಆದ್ದರಿಂದ ನಿಮ್ಮ ಗೂಡು ನಿಮ್ಮದೇ, ಅವರದು ಅವರದೇ; ಸಾಧ್ಯವಾದರೆ ಬೇರೆ ಬೇರೆ ಕೋಣೆ. ಒಂದು ಗೂಡಿನ ಕೆಲಸ ಮುಗಿಸಿ ಕೈತೊಳೆದು ಇನ್ನೊಂದಕ್ಕೆ ಹೋಗಲಿ.

ಜೊತೆಗೇ ಒಯ್ಯುವುದು

ಸ್ವಂತ ಕಾರು, ಮೂರು–ನಾಲ್ಕು ಗಂಟೆಯೊಳಗಿನ ದಾರಿ, ಹೋದಲ್ಲಿ ಒಂದು ಶಾಂತ ಕೋಣೆ ಮತ್ತು ಒಂದು ವಾರಕ್ಕಿಂತ ಹೆಚ್ಚಿನ ವಾಸ್ತವ್ಯ ಇದ್ದರೆ ಒಯ್ಯಬಹುದು. ಬಾಗಲಕೋಟೆಯಿಂದ ವಿಜಯಪುರ ಎರಡು ಗಂಟೆಯ ಹಾದಿ. ಬೇಸಿಗೆಯಲ್ಲಾದರೆ ನಸುಕಿನಲ್ಲಿ ಹೊರಟು ಬಿಸಿಲೇರುವ ಮೊದಲು ತಲುಪಿ. ದಾರಿಯಲ್ಲಿ ನೀರಿನ ಬಾಟಲಿ ಸೋರುತ್ತದೆ, ಬದಲಿಗೆ ಸವತೆಕಾಯಿ ಹೋಳು ಇಡಿ. ಚಹಾ ಕುಡಿಯಲು ಧಾಬಾದಲ್ಲಿ ನಿಂತಾಗ ಗಾಜು ಏರಿಸಿ ಕಾರಿನಲ್ಲಿ ಬಿಡುವುದು ಮಾತ್ರ ಬೇಡ. ಚಹಾ ಆರುವಷ್ಟರಲ್ಲಿ ಒಳಗಿನ ಗಾಳಿ ಕಾದಿರುತ್ತದೆ. ಬೆಳಗಾವಿಯಿಂದ ಬೆಂಗಳೂರಿಗೆ 500 ಕಿಲೋಮೀಟರ್ ರಾತ್ರಿ ಬಸ್ಸಿನಲ್ಲಿ ಒಯ್ದು, ಮೂರನೆಯ ದಿನ ವಾಪಸು ತರುವುದನ್ನು ನಾನು ಒಪ್ಪುವುದಿಲ್ಲ. ಮದುವೆ ಮನೆಗೆ ಒಯ್ಯುವುದಂತೂ ಬೇಡವೇ ಬೇಡ. ಅಲ್ಲಿ ಸ್ಪೀಕರ್ ಇರುತ್ತದೆ, ಐವತ್ತು ಮಕ್ಕಳಿರುತ್ತಾರೆ, ನಿಮಗೆ ಪುರುಸೊತ್ತಿರುವುದಿಲ್ಲ.

ನಿಮ್ಮ ಲೆಕ್ಕಕ್ಕೆ ಯಾವುದು

ನಾಲ್ಕೈದು ದಿನ, ಬೇಸಿಗೆಯಲ್ಲ: ಮನೆಗೆ ಬಂದುಹೋಗುವವರು. ಕೈ ಬಿಗಿಯಿದ್ದರೆ ಪಕ್ಕದ ಮನೆ, ಕೊಂಚ ಸಡಿಲವಿದ್ದರೆ ವಿದ್ಯಾರ್ಥಿ. ಬೇಸಿಗೆಯಲ್ಲಿ ಬೆಳಗಾವಿಯವರು ನೆಲಮಹಡಿಯಲ್ಲಿದ್ದು, ಮಧ್ಯಾಹ್ನ ಮೂರನೆಯ ಭೇಟಿಗೂ ಜನ ಸಿಕ್ಕರೆ ಅದನ್ನೇ ಮುಂದುವರಿಸಬಹುದು. ವಿಜಯಪುರ, ಬಾಗಲಕೋಟೆಯವರು ತಂಪಾದ, ಜನವಿರುವ ಮನೆಗೆ ಸಾಗಿಸಿ. ಅಂಥ ಮನೆ ಇಲ್ಲವಾದರೆ ನಿಮ್ಮ ಮನೆಯಲ್ಲೇ ಉಳಿಯುವವರನ್ನು ಹುಡುಕಿ, ಅದೂ ಆಗದಿದ್ದರೆ ಮನೆಯಲ್ಲೊಬ್ಬರು ಉಳಿದು ಉಳಿದವರು ಹೋಗುವುದು. ಕಟುವೆನಿಸಬಹುದು, ಆದರೆ 42 ಡಿಗ್ರಿಯಲ್ಲಿ ಬೇರೆ ದಾರಿ ನನಗೆ ಕಾಣುವುದಿಲ್ಲ. ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರದು ಅತಿ ಕಠಿಣ ಲೆಕ್ಕ: ಬಿಸಿಲೂ ಇದೆ, ದಿನಗಳೂ ಹೆಚ್ಚು. ಅವರು ಗಿನಿಪಿಗ್ ಸಾಕುವ ಇನ್ನೊಬ್ಬರನ್ನು ಅಥವಾ ಹಗಲಿಡೀ ಮನೆಯಲ್ಲಿರುವ ನೆಂಟರನ್ನು ಈಗಲೇ ಒಪ್ಪಿಸಿಟ್ಟುಕೊಳ್ಳಬೇಕು. ಜೊತೆಗೆ ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೆರಡು ಸಲ ತೂಕ ನೋಡಿ ತಿಳಿಸಲು ಹೇಳಿ. ಕಿಲೋ ತೂಗುವ ಪ್ರಾಣಿ ಕೆಲವೇ ದಿನಗಳಲ್ಲಿ 50 ಗ್ರಾಂ ಇಳಿದರೆ ಕಾಯುವುದಲ್ಲ, ತೋರಿಸುವುದು.

ಯಾರಿಗೇ ಒಪ್ಪಿಸಿದರೂ ಹೋಗುವ ಹಿಂದಿನ ಸಂಜೆ ಅವರಿಂದಲೇ ಒಂದು ಸುತ್ತು ಕೆಲಸ ಮಾಡಿಸಿ, ನೀವು ಸುಮ್ಮನೆ ನಿಂತು ನೋಡಿ. ಬಾಟಲಿ ತುಂಬಿಸಿ ಸಿಕ್ಕಿಸಿದ ಮೇಲೆ ನಳಿಕೆಯ ಗುಂಡನ್ನು ಬೆರಳಿನಿಂದ ಒತ್ತಿ, ಒಂದು ಹನಿ ಬೆರಳಿಗೆ ಬಂತೇ ಎಂದು ನೋಡುತ್ತಾರೆಯೇ? ಹಳೆಯ ಹುಲ್ಲು ತೆಗೆದು ಹೊಸದನ್ನು ಮೂಸಿ ನೋಡಿ ಹಾಕುತ್ತಾರೆಯೇ? ಮೂಲೆಯ ಹಿಕ್ಕೆಯನ್ನು ಗುಡಿಸಿ ಎಸೆಯುವ ಮೊದಲು ಒಮ್ಮೆ ಕಣ್ಣು ಹಾಯಿಸುತ್ತಾರೆಯೇ? ಒಂದೇ ಅಳತೆಯ, ತುದಿ ದುಂಡಾದ, ಕಂದು ಬಣ್ಣದ ಹಿಕ್ಕೆ ಬೆಳಿಗ್ಗೆ ಹಿಡಿತುಂಬ ಇದ್ದರೆ ಎಲ್ಲ ಸರಿ. ಚಿಕ್ಕದಾಗಿ, ಮೊನಚಾಗಿ, ಒಂದಕ್ಕೊಂದು ಕೂದಲಿನಿಂದ ಅಂಟಿಕೊಂಡು ಬಂದಿದ್ದರೆ, ಅಥವಾ ನೆಲ ಖಾಲಿ ಇದ್ದರೆ, ಅದೇ ಹೊತ್ತಿಗೆ ನಿಮಗೆ ಫೋನ್ ಬರಬೇಕು.

ಗೂಡಿನ ಮೇಲೆ ಒಂದು ಕಾಗದ ಅಂಟಿಸಿ. ಗಿನಿಪಿಗ್ ನೋಡಲು ಒಪ್ಪಿದ ಪಶುವೈದ್ಯರ ಹೆಸರು, ಫೋನ್ ಸಂಖ್ಯೆ ಅದರಲ್ಲಿರಲಿ. ನಮ್ಮ ಕಡೆಯ ಅನೇಕ ವೈದ್ಯರ ಕೈಗೆ ದಿನವೂ ಬರುವುದು ದನ, ಎಮ್ಮೆ, ನಾಯಿ. ಆದ್ದರಿಂದ ಹೊರಡುವ ಮೊದಲೇ ಮಾತಾಡಿ ಒಪ್ಪಿಗೆ ಪಡೆದಿರಬೇಕು. ಅದರ ಕೆಳಗೆ ಇನ್ನೊಂದು ಸಾಲು ದಪ್ಪಕ್ಷರದಲ್ಲಿ: ಬಾಯಿಯಿಂದ ಕೊಡುವ ಪೆನಿಸಿಲಿನ್, ಅಮಾಕ್ಸಿಸಿಲಿನ್ ಗಿನಿಪಿಗ್‌ಗೆ ಆಗದು, ಕರುಳಿನ ಒಳ್ಳೆಯ ಜೀವಾಣುಗಳನ್ನು ಕೊಂದು ಪ್ರಾಣ ತೆಗೆಯುತ್ತದೆ. ಚಿಕಿತ್ಸೆಗೆ ಎಷ್ಟು ಹಣದವರೆಗೆ ನಿಮ್ಮನ್ನು ಕೇಳದೆ ಖರ್ಚು ಮಾಡಬಹುದು ಎಂಬುದನ್ನೂ ಬರೆದು, ಅಷ್ಟು ಹಣವನ್ನು ಲಕೋಟೆಯಲ್ಲಿ ಹಾಕಿ ಅವರ ಕೈಗೇ ಕೊಟ್ಟು ಹೊರಡಿ.